ಬಿಲ್ಲಿನೊಳಗಿನ ನೂರು ಪೌಂಡು



ಕಾರ್ಯಕ್ರಮವೊಂದರ ಸಿದ್ಧತೆಗಾಗಿ ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವ ಉದ್ಯಮಿಯೊಬ್ಬರನ್ನು ಭೇಟಿಯಾಗಿದ್ದೆ. ಅವರು ಯಂತ್ರೋಪಕರಣಗಳ ಪ್ರದರ್ಶನಕ್ಕೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಿ ಬಂದಿದ್ದರು. ಅಲ್ಲಿನ ಹೋಟೆಲಿನ ಬಿಲ್ಲನ್ನು ನನ್ನ ಮುಂದಿಟ್ಟು, "ಒಟ್ಟು 600 ಪೌಂಡು. ಅದರಲ್ಲಿ 100 ಪೌಂಡು ತೆರಿಗೆ. ಕೇಳಿದ್ದರೆ ವಾಪಸು ಸಿಗುತ್ತಿತ್ತಂತೆ. ನನಗೆ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿತ್ತು" ಎಂದರು.

ನಾನು ಓದಿದ್ದು ವಿಜ್ಞಾನ. ಲೆಕ್ಕಪತ್ರ ನನ್ನ ವಿಷಯವಲ್ಲ. ಒಂದು ದೇಶ ತಾನು ಪಡೆದ ತೆರಿಗೆಯನ್ನು ಪರದೇಶದವರಿಗೆ ಏಕೆ ಹಿಂತಿರುಗಿಸಬೇಕು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಉತ್ತರ ಇರುವುದು ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್‌ನ ಸ್ವರೂಪದಲ್ಲೇ. ಇದು ಮೊದಲು ಜಾರಿಗೆ ಬಂದದ್ದು 1954ರಲ್ಲಿ, ಫ್ರಾನ್ಸಿನಲ್ಲಿ. ಒಂದು ಉದಾಹರಣೆ ನೋಡೋಣ. ತೆರಿಗೆಯ ದರ ಶೇಕಡಾ 20 ಎಂದಿಟ್ಟುಕೊಳ್ಳಿ. ಬಡಗಿ 100 ರೂಪಾಯಿಯ ಮರಕ್ಕೆ 20 ತೆರಿಗೆ ಕೊಡುತ್ತಾನೆ. ಕುರ್ಚಿ ಮಾಡಿ 200ಕ್ಕೆ ಮಾರುವಾಗ 40 ತೆರಿಗೆ ಪಡೆಯುತ್ತಾನೆ. ತಾನು ಕೊಟ್ಟ 20ನ್ನು ಕಳೆದು, ಉಳಿದ 20ನ್ನು ಸರ್ಕಾರಕ್ಕೆ ಕಟ್ಟುತ್ತಾನೆ. ತೆರಿಗೆಯ ಪೂರ್ತಿ ಭಾರ ಬೀಳುವುದು ಕುರ್ಚಿಯನ್ನು ಮನೆಗೆ ಒಯ್ದವನ ಮೇಲೆ, ಬಡಗಿಯ ಮೇಲಲ್ಲ.

ನಮ್ಮ ಉದ್ಯಮಿಗೆ ಹೋಟೆಲಿನ ಕೋಣೆ ಬಡಗಿಯ ಮರವಿದ್ದಂತೆ, ವ್ಯಾಪಾರದ ಖರ್ಚು. ಬ್ರಿಟನ್ನಿನಲ್ಲಿ ನೋಂದಾಯಿತ ಸಂಸ್ಥೆಯಾಗಿದ್ದರೆ ಆ 100 ಪೌಂಡನ್ನು ತನ್ನ ಲೆಕ್ಕದಲ್ಲೇ ಕಳೆದುಕೊಳ್ಳಬಹುದಿತ್ತು. ಪರದೇಶದ ಸಂಸ್ಥೆಗೆ ಅಲ್ಲಿ ಲೆಕ್ಕವೇ ಇಲ್ಲ. ಆದ್ದರಿಂದಲೇ ಮರುಪಾವತಿಯ ಏರ್ಪಾಡು. ಯುರೋಪಿನ ಒಕ್ಕೂಟ 1986ರಲ್ಲಿ ಹೊರಗಿನ ಸಂಸ್ಥೆಗಳಿಗಾಗಿ ಇಂಥ ನಿಯಮ ಮಾಡಿತು. ಬ್ರಿಟನ್ 2020ರಲ್ಲಿ ಒಕ್ಕೂಟದಿಂದ ಹೊರಬಂದರೂ ಈ ಏರ್ಪಾಡನ್ನು ಉಳಿಸಿಕೊಂಡಿದೆ.

ಆದರೆ ಹಣ ತಾನಾಗಿ ಬರುವುದಿಲ್ಲ. ಕಾರ್ಡಿನ ಚೀಟಿ ಸಾಲದು. ತೆರಿಗೆಯ ವಿವರವಿರುವ ಮೂಲ ಬಿಲ್ಲು ಬೇಕು. ಅರ್ಜಿದಾರರು ನಿಜಕ್ಕೂ ವ್ಯಾಪಾರ ನಡೆಸುವವರೆಂದು ಸ್ವದೇಶದ ತೆರಿಗೆ ಇಲಾಖೆಯ ಪ್ರಮಾಣಪತ್ರ ಬೇಕು. ಬ್ರಿಟನ್ನಿನಲ್ಲಿ ಜುಲೈ 1ರಿಂದ ಮುಂದಿನ ಜೂನ್ 30ರವರೆಗಿನ ಖರ್ಚಿಗೆ ಡಿಸೆಂಬರ್ 31ರೊಳಗೆ ಅರ್ಜಿ ಸಲ್ಲಿಸಬೇಕು. ಗಿರಾಕಿಗಳಿಗೆ ಕೊಡಿಸಿದ ಔತಣದ ತೆರಿಗೆ ಹಿಂತಿರುಗದು. ರೈಲಿನ ಟಿಕೆಟ್ಟಿಗೆ ಅಲ್ಲಿ ತೆರಿಗೆಯ ದರವೇ ಸೊನ್ನೆ; ಕೇಳಲು ಏನೂ ಇಲ್ಲ. ಎಲ್ಲ ದೇಶಗಳ ನಿಯಮವೂ ಒಂದೇ ಅಲ್ಲ. ಜರ್ಮನಿ ಸಾಮಾನ್ಯವಾಗಿ, "ನಿಮ್ಮ ದೇಶ ನಮ್ಮವರಿಗೂ ಇಂಥದೇ ಸೌಲಭ್ಯ ಕೊಡುತ್ತದೆಯೇ?" ಎಂದು ನೋಡುತ್ತದೆ.

ಇದು ದೂರದ ಸಂಗತಿ ಎನ್ನಬೇಡಿ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್ ಬಂತು. 2017ರ ಜುಲೈ 1ರಂದು ಬಂದ ಜಿ.ಎಸ್.ಟಿ.ಯ ಬೆನ್ನೆಲುಬೂ ಇದೇ ತತ್ವ.

ಕೊನೆಗೊಂದು ಲೆಕ್ಕ ನಿಮಗೆ. ಬ್ರಿಟನ್ನಿನ ಸಾಮಾನ್ಯ ದರ ಶೇಕಡಾ 20. ಹಾಗಿದ್ದರೆ 600 ಪೌಂಡಿನ ಬಿಲ್ಲಿನಲ್ಲಿ ತೆರಿಗೆ 120 ಆಗದೆ 100 ಏಕೆ? ಕಾಗದದ ಮೇಲೆ ಬಿಡಿಸಿ ನೋಡಿ. ಆಮೇಲೆ ಮನೆಗೆ ಬರುವ ಬಿಲ್ಲುಗಳನ್ನು ಮುದುಡಿ ಎಸೆಯುವ ಮುನ್ನ ಒಮ್ಮೆ ಓದಿ. ಪೀಣ್ಯದ ಆ ಉದ್ಯಮಿ ಈಗ ಹಾಗೆಯೇ ಮಾಡುತ್ತಾರೆ.