ವಾಟರ್ಲೂ ಸೇತುವೆಯ ವ್ಯಾಜ್ಯ

ಹಳೆಯ ಸೇತುವೆ ಕೆಡವಿ ಹೊಸದು ಕಟ್ಟುತ್ತೇವೆ ಎಂದು ಆಡಳಿತ ಹೊರಟಾಗ ಊರಿನವರು ಅಡ್ಡ ನಿಂತರೆ, ಅವರಿಗೆ ಸಿಗುವ ಉತ್ತರ ಎಲ್ಲ ಕಾಲದಲ್ಲೂ ಹೆಚ್ಚುಕಡಿಮೆ ಒಂದೇ. ನಿಮಗೆ ಕಲ್ಲಿನ ಮೇಲೆ ಮಮಕಾರ, ನಮಗೆ ಜನರ ಓಡಾಟದ ಚಿಂತೆ ಅನ್ನುವುದು ಆ ಉತ್ತರ. ಇಷ್ಟು ಹೇಳಿಬಿಟ್ಟರೆ ಮುಗಿಯಿತು, ವಿರೋಧಿಸಿದವರು ಕನಸಿಗರಾಗುತ್ತಾರೆ, ಕೆಡವುವವರು ಕೆಲಸಗಾರರಾಗುತ್ತಾರೆ. ಈ ಹಂಚಿಕೆ ಎಷ್ಟು ಪೊಳ್ಳು ಎನ್ನುವುದಕ್ಕೆ ಲಂಡನ್ನಿನ ವಾಟರ್ಲೂ ಸೇತುವೆಯ ಕಥೆಯೇ ಸಾಕ್ಷಿ. ಥೇಮ್ಸ್ ನದಿಯ ಮೇಲಿದ್ದ ಆ ಕಲ್ಲುಸೇತುವೆಗಾಗಿ 1924ರಿಂದ 1934ರವರೆಗೆ ಹತ್ತು ವರ್ಷ ಜಗಳ ನಡೆಯಿತು. ಉಳಿಸಬೇಕೆಂದವರು ಸೋತರು, ಸೇತುವೆ ಹೋಯಿತು. ಆದರೆ ಅವರು ಹೂಡಿದ್ದು ಮಮಕಾರದ ವಾದವಲ್ಲ, ಓಡಾಟದ ವಾದವನ್ನೇ. ಅದು ಸರಿಯಾದ ವಾದವೂ ಆಗಿತ್ತು ಎಂಬುದು ನನ್ನ ಅಭಿಪ್ರಾಯ. ಸರಿಯಾದ ವಾದ ಹೂಡಿದವರು ಯಾಕೆ ಸೋತರು ಎನ್ನುವುದೇ ಇವತ್ತಿನ ಮಾತು.

ಮೊದಲು ಕಟ್ಟಿದವನ ವಿಷಯ ಹೇಳಬೇಕು. ಜಾನ್ ರೆನಿ ಸ್ಕಾಟ್ಲೆಂಡಿನ ರೈತನ ಮಗ, 1761ರಲ್ಲಿ ಹುಟ್ಟಿದವನು. ಕಾಳು ಬಡಿಯುವ ಯಂತ್ರ ಮಾಡಿ ಹೆಸರಾದ ಆಂಡ್ರ್ಯೂ ಮೀಕಲ್‌ನ ಕಾರ್ಯಾಗಾರ ಮನೆಯ ಹತ್ತಿರವೇ ಇತ್ತು. ಹುಡುಗ ಕೈಕೆಲಸ ಕಲಿತದ್ದು ಅಲ್ಲಿ. ಅಂಥವನ ಕೈಗೆ ಲಂಡನ್ನಿನ ಒಂದು ಖಾಸಗಿ ಕಂಪನಿ ಥೇಮ್ಸ್ ಮೇಲಿನ ಹೊಸ ಸೇತುವೆಯ ಕೆಲಸ ಕೊಟ್ಟಿತು, 1811ರಲ್ಲಿ ಅದು ಶುರುವಾಯಿತು. ನದಿಯ ನಡುವೆ ಮರದ ಗೋಡೆಗಳಿಂದ ತೊಟ್ಟಿಗಳನ್ನು ಕಟ್ಟಿ, ಉಗಿಯಂತ್ರದಿಂದ ನೀರು ಹೊರಹಾಕಿ, ಒಣಗಿದ ತಳದಲ್ಲಿ ಮರದ ಗೂಟಗಳನ್ನು ಹೊಡೆದು, ಅದರ ಮೇಲೆ ಗ್ರಾನೈಟ್ ಕಂಬಗಳನ್ನು ಎಬ್ಬಿಸಿದ. ತಲಾ 120 ಅಡಿ ಅಗಲದ ಒಂಬತ್ತು ಕಮಾನು, ಎಲ್ಲವೂ ಒಂದೇ ಅಳತೆ. ಪ್ರತಿ ಕಂಬದ ಮುಂದೆ ಗ್ರೀಕ್ ಮಾದರಿಯ ಜೋಡಿ ಸ್ತಂಭ. ಆಗಿನ ಸೇತುವೆಗಳು ನಡುವೆ ಗೂನುಬೆನ್ನಿನ ಹಾಗೆ ಏಳುತ್ತಿದ್ದವು. ರೆನಿ ಈ ದಡದಿಂದ ಆ ದಡಕ್ಕೆ ದಾರಿಯನ್ನು ಸಪಾಟಾಗಿ ಒಯ್ದ. ಗಾಡಿ ಎಳೆಯುವ ಕುದುರೆಗಳು ಅವನಿಗೆ ಋಣಿಯಾಗಿದ್ದಿರಬೇಕು. ಇಟಲಿಯ ಶಿಲ್ಪಿ ಕನೋವಾ ಈ ಸೇತುವೆಗಾಗಿಯೇ ದೂರದಿಂದ ಬರಬಹುದು ಎಂದು ಹೊಗಳಿದ್ದನೆಂಬ ಮಾತು ಲಂಡನ್ನಿನಲ್ಲಿ ನೂರು ವರ್ಷ ಓಡಾಡಿತು.

ಕೆಲಸ ಶುರುವಾದಾಗ ಅದರ ಹೆಸರು ಸ್ಟ್ರ್ಯಾಂಡ್ ಸೇತುವೆ. ನಡುವೆ 1815ರಲ್ಲಿ ವಾಟರ್ಲೂ ಯುದ್ಧ ಗೆದ್ದದ್ದರಿಂದ ಪಾರ್ಲಿಮೆಂಟು ಹೆಸರು ಬದಲಿಸಿತು. 1817ರ ಜೂನ್ 18ರಂದು, ಗೆಲುವಿನ ಎರಡನೆಯ ವರ್ಷದ ದಿನ, ಆ ಯುದ್ಧದ ನಾಯಕ ವೆಲಿಂಗ್ಟನ್ ಡ್ಯೂಕನ ಎದುರಿಗೇ ಉದ್ಘಾಟನೆಯಾಯಿತು. ಈ ಡ್ಯೂಕ್ ನಮಗೆ ಅಪರಿಚಿತನಲ್ಲ. 1799ರಲ್ಲಿ ಟಿಪ್ಪು ಸುಲ್ತಾನ ಬಿದ್ದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಆದದ್ದು. ಅವನ ಅಣ್ಣ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಟ್ಟಿಸಿದ ಕಲ್ಲುಸೇತುವೆ ಮುಗಿದದ್ದು 1804ರಲ್ಲಿ. ಕಲ್ಲುಕಂಬ, ಅದರ ಮೇಲೆ ಕಲ್ಲುತೊಲೆ, ಅಪ್ಪಟ ನಮ್ಮ ಕಲ್ಲುಕುಟಿಗರ ಪದ್ಧತಿ, ಕಮಾನಿನ ಮಾತೇ ಇಲ್ಲ. ತಮ್ಮನ ಗೆಲುವಿನ ಹೆಸರು ಹೊತ್ತ ಲಂಡನ್ನಿನ ಸೇತುವೆ ಹೋಯಿತು, ಅಣ್ಣನ ಹೆಸರಿನ ಶ್ರೀರಂಗಪಟ್ಟಣದ ಸೇತುವೆ ಎಷ್ಟೋ ಪ್ರವಾಹಗಳನ್ನು ಕಂಡೂ ನಿಂತಿದೆ. ಹೆದ್ದಾರಿಯ ಭಾರವನ್ನು ಹೊರಲು ಅದರ ಪಕ್ಕದಲ್ಲಿ ಬೇರೆ ಸೇತುವೆಗಳು ಬಂದವು ಎನ್ನುವುದನ್ನು ಇಲ್ಲಿ ನೆನಪಿಡಿ. ನನ್ನ ವಾದಕ್ಕೆ ಅದು ಬೇಕಾಗುತ್ತದೆ.

ಮುಂದಿನ ನೂರು ವರ್ಷವನ್ನು ಬೇಗ ದಾಟಿಬಿಡೋಣ. ಕಂಪನಿ ಸುಂಕದ ಕಟ್ಟೆ ಇಟ್ಟು ನಡೆದುಹೋಗುವವರಿಂದ ಒಂದು ಪೆನ್ನಿ ಕೀಳುತ್ತಿತ್ತು. ಬಡವರು ಸುತ್ತಿ ಬಳಸಿ ಬಿಟ್ಟಿ ಸೇತುವೆಗಳಿಗೆ ಹೋದರು, ಪಾಲುದಾರರು ಕೈ ಸುಟ್ಟುಕೊಂಡರು. 1878ರಲ್ಲಿ ನಗರಾಡಳಿತ ಸೇತುವೆಯನ್ನು ಕೊಂಡು ಸುಂಕ ತೆಗೆದುಹಾಕಿತು. ಅದಕ್ಕೆ ಎಷ್ಟೋ ಮೊದಲೇ ಚಿತ್ರಕಾರ ಕಾನ್ಸ್ಟೇಬಲ್ ಅದರ ಉದ್ಘಾಟನೆಯ ಚಿತ್ರ ಬರೆದಿದ್ದ. ಶತಮಾನ ತಿರುಗುವ ಹೊತ್ತಿಗೆ ಫ್ರಾನ್ಸಿನ ಮೋನೆ ಬಂದು, ಸವಾಯ್ ಹೋಟೆಲಿನ ಕಿಟಕಿಯಲ್ಲಿ ಕೂತು, ಮಂಜು ಹೊಗೆಗಳ ನಡುವಿನ ಅದೇ ಕಮಾನುಗಳನ್ನು ನಲವತ್ತಕ್ಕೂ ಹೆಚ್ಚು ಬಾರಿ ಬಿಡಿಸಿದ.

ಕಥೆಯ ಕೀಲು ಇರುವುದು ನೀರಿನ ಕೆಳಗೆ. ರೆನಿ ಗೂಟ ಹೊಡೆದ ಕಾಲದಲ್ಲಿ ಕೆಳಹರಿವಿನಲ್ಲಿ ಮಧ್ಯಯುಗದ ಹಳೆಯ ಲಂಡನ್ ಸೇತುವೆ ಇತ್ತು. ಅದರ ಕಮಾನುಗಳು ಎಷ್ಟು ಕಿರಿದು, ಕಂಬಗಳು ಎಷ್ಟು ದಪ್ಪ ಎಂದರೆ ಅದು ಅರ್ಧ ಸೇತುವೆ, ಅರ್ಧ ಅಣೆಕಟ್ಟು. ಮೇಲಿನ ನೀರು ಅದಕ್ಕೆ ತಡೆದು ನಿಧಾನವಾಗಿ ಹರಿಯುತ್ತಿತ್ತು. ಅದನ್ನು ತೆಗೆದು ಹೊಸ ಲಂಡನ್ ಸೇತುವೆ ಕಟ್ಟಲು ನಕ್ಷೆ ಕೊಟ್ಟವನು ಯಾರು? ಇದೇ ರೆನಿ. 1821ರಲ್ಲಿ ಆತ ತೀರಿಕೊಂಡ. ಮಗ ಕಟ್ಟಿ ಮುಗಿಸಿ 1831ರಲ್ಲಿ ಅದು ತೆರೆಯಿತು, ಹಳೆಯದನ್ನು ಕಿತ್ತರು. ತಡೆ ಹೋದದ್ದೇ ಭರತ ಇಳಿತಗಳ ಸೆಳೆತ ಜೋರಾಯಿತು, ನದಿಯ ತಳ ಕೊರೆಯತೊಡಗಿತು, ವಾಟರ್ಲೂ ಕಂಬಗಳ ಬುಡದ ಮಣ್ಣು ಮೆಲ್ಲಗೆ ಸರಿಯಿತು. ತಂದೆಯ ಒಂದು ಸೇತುವೆಯೇ ಇನ್ನೊಂದರ ಕಾಲು ಕಡಿಯಿತು. 1880ರ ದಶಕದಲ್ಲಿ ಬುಡಕ್ಕೆ ಕಾಂಕ್ರೀಟು ತುಂಬಿ ತೇಪೆ ಹಾಕಿದರು. 1923ರ ಹೊತ್ತಿಗೆ ಒಂದು ಕಂಬ ಕಣ್ಣಿಗೆ ಕಾಣುವಷ್ಟು ಕುಸಿದಿತ್ತು. 1924ರ ಮೇ ತಿಂಗಳಲ್ಲಿ ಸೇತುವೆ ಮುಚ್ಚಿದರು, ಪಕ್ಕದಲ್ಲಿ ತಾತ್ಕಾಲಿಕ ಉಕ್ಕಿನ ಸೇತುವೆ ಎದ್ದಿತು. ಸೇತುವೆಗೆ ಮುಪ್ಪು ಬಂದು ಕುಸಿಯಿತು ಎಂದು ಆಮೇಲೆ ಹೇಳಿದವರು ಈ ಚರಿತ್ರೆಯನ್ನು ನುಂಗಿಕೊಂಡರು. ಕಾಯಿಲೆ ಇದ್ದದ್ದು ಬುಡದಲ್ಲಿ, ಕಾರಣವೂ ಗೊತ್ತಿತ್ತು.

ಆಗಿನ ನಗರಾಡಳಿತವಾದ ಲಂಡನ್ ಕೌಂಟಿ ಕೌನ್ಸಿಲ್ 1925ರಲ್ಲಿ ತೀರ್ಮಾನಕ್ಕೆ ಬಂತು: ಕೆಡವೋಣ, ಆರು ಸಾಲು ವಾಹನ ಹಿಡಿಸುವ ಹೊಸ ಸೇತುವೆ ಕಟ್ಟೋಣ. ಹಳೆಯದರ ಅಗಲ ಸುಮಾರು 42 ಅಡಿ, ಮೋಟಾರು ಬಸ್ಸುಗಳ ಕಾಲಕ್ಕೆ ಅದು ಇಕ್ಕಟ್ಟೇ ನಿಜ. ಆಗ ಎದುರು ನಿಂತವರು ಬರೀ ಚಿತ್ರಕಾರರಲ್ಲ. ವಿಲಿಯಂ ಮಾರಿಸ್ ಹುಟ್ಟುಹಾಕಿದ್ದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ, ರಾಯಲ್ ಅಕಾಡೆಮಿ, ವಾಸ್ತುಶಿಲ್ಪಿಗಳ ಸಂಸ್ಥೆ, ಜೊತೆಗೆ ನಗರ ಯೋಜಕರ ಸಂಸ್ಥೆ, ಎಲ್ಲ ಒಟ್ಟುಗೂಡಿ ಕೂತು ಮಾತಾಡಿದವು. ಅವರ ವಾದದ ತಿರುಳು ಹೀಗಿತ್ತು. ವಾಟರ್ಲೂ ಸೇತುವೆ ಉತ್ತರ ದಡದಲ್ಲಿ ಹೋಗಿ ಸೇರುವುದು ಸ್ಟ್ರ್ಯಾಂಡ್ ಬೀದಿಗೆ, ಅದು ಮೊದಲೇ ಉಸಿರುಗಟ್ಟಿದ ಬೀದಿ. ಅಲ್ಲಿಗೆ ಮೂರರ ಬದಲು ಆರು ಸಾಲು ವಾಹನ ತಂದು ಸುರಿದರೆ ಗಂಟು ಬಿಚ್ಚುವುದಿಲ್ಲ, ಬಿಗಿಯುತ್ತದೆ. ಓಡಾಟಕ್ಕೆ ನಿಜವಾಗಿ ಬೇಕಾದದ್ದು ನದಿಗೆ ಇನ್ನೊಂದು ದಾರಿ. ಸ್ವಲ್ಪ ಮೇಲಕ್ಕೆ ಚೇರಿಂಗ್ ಕ್ರಾಸ್ ಹತ್ತಿರ ವಾಹನಗಳಿಗೆ ದಾರಿಯಿಲ್ಲದ ರೈಲು ಸೇತುವೆಯಿದೆ; ಅಲ್ಲಿ ರಸ್ತೆ ಸೇತುವೆ ಕಟ್ಟಿ, ವಾಟರ್ಲೂವಿನ ಬುಡ ಭದ್ರ ಮಾಡಿ ಉಳಿಸಿಕೊಳ್ಳಿ. ಇದರಲ್ಲಿ ಮಮಕಾರ ಎಲ್ಲಿದೆ ಹೇಳಿ. ಸರ್ಕಾರವೇ ನೇಮಿಸಿದ, ಲಾರ್ಡ್ ಲೀ ಅಧ್ಯಕ್ಷತೆಯ ರಾಯಲ್ ಕಮಿಷನ್ ಕೂಡ 1926ರಲ್ಲಿ ಅದನ್ನೇ ಹೇಳಿತು: ಹಳೆಯ ಸೇತುವೆಯನ್ನು ದುರಸ್ತಿ ಮಾಡಿ, ನಾಲ್ಕು ಸಾಲು ಹಿಡಿಸುವಷ್ಟು ಅಗಲಿಸಿ, ಚೇರಿಂಗ್ ಕ್ರಾಸಿನಲ್ಲಿ ಹೊಸದು ಕಟ್ಟಿ. ಉಳಿಸಬೇಕೆಂದವರು ಗೆದ್ದೇಬಿಟ್ಟರು ಎನ್ನುವಂತಿತ್ತು.

ಸೋಲಿನ ಬೀಜ ಬಿದ್ದದ್ದೂ ಅಲ್ಲೇ. ವಾಟರ್ಲೂವಿನ ಜೀವವನ್ನು ಅವರು ಚೇರಿಂಗ್ ಕ್ರಾಸಿನ ಕೊಂಬೆಗೆ ಕಟ್ಟಿದ್ದರು, ಆ ಕೊಂಬೆ ಅವರ ಕೈಯಲ್ಲಿರಲಿಲ್ಲ. ಅಲ್ಲಿ ರಸ್ತೆ ತರಬೇಕಾದರೆ ರೈಲು ನಿಲ್ದಾಣವನ್ನು ದಕ್ಷಿಣ ದಡಕ್ಕೆ ಸಾಗಿಸಬೇಕು. ಖರ್ಚು ಕೋಟ್ಯಂತರ, ತಕರಾರು ನೂರಾರು. ವಾಸ್ತುಶಿಲ್ಪಿಗಳೇ ಯೋಜನೆಯ ರೂಪದ ಬಗ್ಗೆ ಕಿತ್ತಾಡಿದರು. 1930ರಲ್ಲಿ ಪಾರ್ಲಿಮೆಂಟಿನ ಸಮಿತಿ ಚೇರಿಂಗ್ ಕ್ರಾಸ್ ಮಸೂದೆಯನ್ನು ತಳ್ಳಿಹಾಕಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಅಲ್ಲಿಗೆ ಉಳಿಸುವವರ ಕೈಯಲ್ಲಿ ಉಳಿದದ್ದು ಅರ್ಧ ವಾದ. ಇದನ್ನು ಕೆಡವಬೇಡಿ ಎನ್ನುವುದು ಉಳಿಯಿತು, ವಾಹನಗಳು ಎಲ್ಲಿ ಹೋಗಲಿ ಎನ್ನುವುದಕ್ಕೆ ಉತ್ತರ ಹೋಯಿತು. ಆದರೂ 1932ರಲ್ಲಿ ಪಾರ್ಲಿಮೆಂಟು ಕೆಡವುವ ಯೋಜನೆಗೆ ಹಣ ಕೊಡದೆ ಕೂತದ್ದರಿಂದ ಕೌನ್ಸಿಲ್ ದುರಸ್ತಿಗೆ ತಲೆಯಾಡಿಸಿತ್ತು. ಇನ್ನೆರಡು ವರ್ಷ ಅದೇ ಹಿಡಿತ ಉಳಿದಿದ್ದರೆ ರೆನಿಯ ಕಮಾನುಗಳು ಇವತ್ತೂ ಇರುತ್ತಿದ್ದವೇನೋ.

ಆಗ ಬಂದವನು ಹರ್ಬರ್ಟ್ ಮಾರಿಸನ್. ದಕ್ಷಿಣ ಲಂಡನ್ನಿನ ಪೊಲೀಸನ ಮಗ, ಕೂಸಾಗಿದ್ದಾಗಲೇ ಒಂದು ಕಣ್ಣು ಕಳೆದುಕೊಂಡವನು, ಅಂಗಡಿ ಕೆಲಸದಿಂದ ಮೇಲೆ ಬಂದವನು. 1934ರ ಮಾರ್ಚಿನಲ್ಲಿ ಅವನ ಲೇಬರ್ ಪಕ್ಷ ಮೊದಲ ಸಲ ಕೌಂಟಿ ಕೌನ್ಸಿಲ್ ಗೆದ್ದಿತು. ಗೆದ್ದು ಕೆಲವೇ ತಿಂಗಳಿಗೆ, ಜೂನ್ 20ರಂದು, ಸಮಾರಂಭ ಏರ್ಪಡಿಸಿ, ಸೇತುವೆಯ ಮೊದಲ ಕಲ್ಲನ್ನು ತಾನೇ ಕಿತ್ತ. ಪಾರ್ಲಿಮೆಂಟು ದುಡ್ಡು ಕೊಡದಿದ್ದರೆ ಬೇಡ, ಲಂಡನ್ನಿನ ತೆರಿಗೆ ಹಣದಲ್ಲೇ ಮಾಡುತ್ತೇನೆ ಎಂದ. ಮನುಷ್ಯನ ಛಾತಿ ಮೆಚ್ಚಲೇಬೇಕು. ಹತ್ತು ವರ್ಷ ಸಮಿತಿಗಳು ತಿರುವಿಹಾಕಿದ್ದನ್ನು ಆತ ಒಂದು ಮಧ್ಯಾಹ್ನದಲ್ಲಿ ಮುಗಿಸಿದ. ಕಲ್ಲು ಒಂದು ಕಿತ್ತ ಮೇಲೆ ವಾದಕ್ಕೆ ಜಾಗವೇ ಇರುವುದಿಲ್ಲ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಕಸಿವಿಸಿಯಾಗುವುದು ಇಲ್ಲಿಯೇ. ದುರಸ್ತಿ ಮಾಡಿದ್ದು ತಪ್ಪಾದರೆ ಆಮೇಲೆ ಕೆಡವಬಹುದು, ಕೆಡವಿದ್ದು ತಪ್ಪಾದರೆ ಮಾಡುವುದೇನು? ಎರಡು ದಾರಿಯಲ್ಲಿ ಒಂದು ಹಿಂದಿರುಗಲಾಗದ ದಾರಿಯಾದಾಗ, ಪುರಾವೆಯ ಹೊರೆ ಅತ್ತ ಹೋಗುವವನ ತಲೆಯ ಮೇಲಿರಬೇಕು. ಮಾರಿಸನ್ ಅದನ್ನು ಎದುರಿನವರ ತಲೆಗೆ ವರ್ಗಾಯಿಸಿದ.

ಅವನ ಪರವಾಗಿ ಹೇಳಬಹುದಾದ್ದು ಇಲ್ಲದಿಲ್ಲ. ನಿರುದ್ಯೋಗದ ಕಾಲ, ಕೈಗೆ ಕೆಲಸ ಬೇಕಿತ್ತು. ಸೇತುವೆ ಉಳಿಸಿ ಎಂದವರಲ್ಲಿ ಬಹುಮಂದಿ ಉಳ್ಳವರು, ದಿನಾ ಬಸ್ಸಿನಲ್ಲಿ ನದಿ ದಾಟುವವರು ದಕ್ಷಿಣ ದಡದ ದುಡಿಯುವ ಜನ. ಈ ಮಾತಿಗೆ ತೂಕವಿದೆ, ತಳ್ಳಿಹಾಕಲಾರೆ. ಆದರೆ ಬುಡ ಭದ್ರ ಮಾಡಿ ಅಗಲಿಸುವುದೂ ಕೈಗೆ ಕೆಲಸ ಕೊಡುವ ಕಾಮಗಾರಿಯೇ. ದುಡಿಯುವ ಜನಕ್ಕೆ ಚೇರಿಂಗ್ ಕ್ರಾಸಿನಲ್ಲಿ ಇನ್ನೊಂದು ದಾರಿ ಸಿಕ್ಕಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು. ಆ ರಸ್ತೆ ಸೇತುವೆ ಇಂದಿಗೂ ಬಂದಿಲ್ಲ. ಶ್ರೀರಂಗಪಟ್ಟಣದ ಹಾಗೆ ಭಾರವನ್ನು ಪಕ್ಕಕ್ಕೆ ಸರಿಸುವ ಉಪಾಯ ಲಂಡನ್ನಿನ ಮೇಜಿನ ಮೇಲೆ, ಸರ್ಕಾರಿ ವರದಿಯ ರೂಪದಲ್ಲೇ ಇತ್ತು. ಇನ್ನೊಂದು ಆಕ್ಷೇಪ ಸುರಕ್ಷತೆಯದು. ಕುಸಿಯುವ ಸೇತುವೆಯ ಮೇಲೆ ಜನರನ್ನು ಬಿಡುವುದೇ? ಯಾರೂ ಹಾಗೆಂದಿರಲಿಲ್ಲ. ಮುಚ್ಚಿದ್ದು ಸರಿ, ತಾತ್ಕಾಲಿಕ ಸೇತುವೆ ಕಟ್ಟಿದ್ದೂ ಸರಿ. ಮುಚ್ಚುವುದಕ್ಕೂ ಕೆಡವುವುದಕ್ಕೂ ನಡುವೆ ಇರುವ ಅಂತರವನ್ನು ಮರೆಸಿದ್ದು ಮಾತ್ರ ಸರಿಯಲ್ಲ.

ಮೂರನೆಯ ಆಕ್ಷೇಪವೇ ಗಟ್ಟಿ: ಬಂದ ಹೊಸ ಸೇತುವೆ ಚೆನ್ನಾಗಿಲ್ಲವೇ? ಚೆನ್ನಾಗಿದೆ, ಒಪ್ಪಿದೆ. ಇಂಗ್ಲೆಂಡಿನ ಕೆಂಪು ಟೆಲಿಫೋನ್ ಗೂಡನ್ನು ವಿನ್ಯಾಸ ಮಾಡಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅದರ ರೂಪ ಬಿಡಿಸಿದ. ಒಂಬತ್ತು ಕಮಾನಿದ್ದಲ್ಲಿ ಐದು ಉದ್ದ ಜಿಗಿತ, ಕಾಂಕ್ರೀಟಿನ ಮೈಗೆ ಪೋರ್ಟ್‌ಲ್ಯಾಂಡ್ ಕಲ್ಲಿನ ಹೊದಿಕೆ, ಒಂದು ಗೀರು ಹೆಚ್ಚಿಲ್ಲ. ಎರಡನೆಯ ಮಹಾಯುದ್ಧದ ನಡುವೆ ಗಂಡಸರು ರಣರಂಗಕ್ಕೆ ಹೋದಾಗ ಅದನ್ನು ಕಟ್ಟಿದವರಲ್ಲಿ ಹೆಂಗಸರು ಬಹಳ ಮಂದಿ. ನದಿಯಲ್ಲಿ ದೋಣಿ ನಡೆಸುವವರು ಅದನ್ನು ಹೆಂಗಸರ ಸೇತುವೆ ಎಂದೇ ಕರೆಯುತ್ತಾ ಬಂದರು. 1945ರ ಡಿಸೆಂಬರಿನಲ್ಲಿ ಉದ್ಘಾಟಿಸಿದ ಮಾರಿಸನ್ ತನ್ನ ಭಾಷಣದಲ್ಲಿ ಕಟ್ಟಿದ ಗಂಡಸರನ್ನಷ್ಟೇ ಹೊಗಳಿದ. ಆದರೆ ಹೊಸದು ಚೆಲುವಾಗಿ ಬಂದದ್ದು ಅದೃಷ್ಟ, ಕೆಡವುವಾಗ ಅದರ ಭರವಸೆ ಯಾರಿಗೂ ಇರಲಿಲ್ಲ. ಸ್ಕಾಟನಂಥವನಿಗೆ ಚೇರಿಂಗ್ ಕ್ರಾಸಿನಲ್ಲಿ ಜಾಗ ಕೊಟ್ಟಿದ್ದರೆ ಲಂಡನ್ನಿಗೆ ಎರಡೂ ದಕ್ಕುತ್ತಿದ್ದವು.

ಕಿತ್ತ ಗ್ರಾನೈಟಿನ ತುಂಡುಗಳನ್ನು ಸಾಮ್ರಾಜ್ಯದ ಮೂಲೆಮೂಲೆಗೆ ಹಂಚಿದರು. ನ್ಯೂಜಿಲೆಂಡಿನ ವೆಲಿಂಗ್ಟನ್ ಊರಿನಲ್ಲಿ, ಬಂದರಿನ ಜನರ ಮುದ್ದಿನ ಪ್ಯಾಡಿ ಎಂಬ ಅಲೆಮಾರಿ ನಾಯಿಯ ನೆನಪಿಗೆ ಕಟ್ಟಿದ ನೀರಿನ ತೊಟ್ಟಿಗೆ ಆ ಕಲ್ಲು ಬಳಕೆಯಾಯಿತು. ರೆನಿಯ ಇನ್ನೊಂದು ಸೇತುವೆ, ವಾಟರ್ಲೂವಿನ ಕಾಲು ಕಡಿದ ಆ ಲಂಡನ್ ಸೇತುವೆ, 1968ರಲ್ಲಿ ಅಮೆರಿಕದ ಉದ್ಯಮಿಯೊಬ್ಬನಿಗೆ ಮಾರಾಟವಾಗಿ ಈಗ ಅರಿಜೋನಾದ ಮರುಭೂಮಿಯಲ್ಲಿದೆ. ಇನ್ನು ಮಾರಿಸನ್ನನ ಹೊಸ ಸೇತುವೆ. 1981ರಲ್ಲಿ ಅದೂ ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. 2015ರಲ್ಲಿ ಆ ಪಟ್ಟಿಯ ವಿವರಣೆಗೆ ಹೆಂಗಸರ ಪಾಲಿನ ಮಾತೂ ಸೇರಿತು. ಈಗ ಯಾರಾದರೂ ಅದನ್ನು ಕೆಡವಿ ಇನ್ನೂ ಅಗಲದ್ದು ಕಟ್ಟಬೇಕೆಂದು ಹೊರಟರೆ, ಬೇರೆ ದಾರಿ ಇಲ್ಲವೆಂದು ಮೊದಲು ತೋರಿಸಿ ಎಂದು ಕಾನೂನು ಕೇಳುತ್ತದೆ. ರೆನಿಯ ಸೇತುವೆಯ ಪರ ನಿಂತವರು 1925ರಲ್ಲಿ ಕೇಳಿದ್ದೂ ಇಷ್ಟನ್ನೇ.