ಅಟ್ಲಾಸ್ ಎಂಬ ಮಾತು: ಆಕಾಶ, ಅರಸ, ಅರಿವೆ



ಭೂಪಟಗಳ ಪುಸ್ತಕಕ್ಕೆ ‘ಅಟ್ಲಾಸ್’ ಎಂಬ ಹೆಸರು ಹೇಗೆ ಬಂದಿತೆಂದು ತರಗತಿಯಲ್ಲಿ ಮಗುವೊಂದು ಕೇಳಿದರೆ, ಭೂಮಿಯನ್ನು ಹೆಗಲ ಮೇಲೆ ಹೊತ್ತ ಗ್ರೀಕ್ ದೈತ್ಯನ ಕಥೆಯನ್ನು ಹೇಳುವುದು ವಾಡಿಕೆ. ಕಥೆ ಸೊಗಸಾಗಿದೆ, ಆದರೆ ಆ ದೈತ್ಯನು ಹೊತ್ತದ್ದು ಭೂಮಿಯನ್ನಲ್ಲ, ಆಕಾಶವನ್ನು. ಭೂಭಾರವನ್ನು ಹೊರುವ ಆದಿಶೇಷನ ಕಥೆ ಕೇಳಿ ಬೆಳೆದವರಿಗೆ ಈ ಅದಲುಬದಲು ಸಹಜವೇ ಸರಿ. ನೇಪಲ್ಸ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಪ್ರಾಚೀನ ರೋಮನ್ ಶಿಲ್ಪವೊಂದರಲ್ಲಿ ಅವನು ಹೊತ್ತ ಗೋಳದ ಮೇಲೆ ದೇಶಗಳಿಲ್ಲ, ನಕ್ಷತ್ರಪುಂಜಗಳಿವೆ.

ಇದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದಿದೆ. ಪುಸ್ತಕಕ್ಕೆ ಈ ಹೆಸರಿಟ್ಟ ಗೆರಾರ್ಡಸ್ ಮರ್ಕೇಟರನು ತನ್ನ ಗ್ರಂಥದಲ್ಲಿ ಗೌರವಿಸಿದ್ದು ದೈತ್ಯನನ್ನಲ್ಲ. ಉತ್ತರ ಆಫ್ರಿಕದ ಮಾರಿಟೇನಿಯವನ್ನು ಆಳಿದನೆಂದು ಐತಿಹ್ಯವಿರುವ, ತತ್ತ್ವಜ್ಞನೂ ಗಣಿತಜ್ಞನೂ ಆದ ಅಟ್ಲಾಸ್ ಎಂಬ ಅರಸನನ್ನು. ಮೊದಲ ಖಗೋಳದ ಮಾದರಿಯನ್ನು ರಚಿಸಿದವನು ಆತನೇ ಎಂದು ನಂಬಲಾಗಿತ್ತು. ಮರ್ಕೇಟರನು 1594ರಲ್ಲಿ ತೀರಿಕೊಂಡನು. ಮರುವರ್ಷ ಅವನ ಮಗ ರುಮೋಲ್ಡನು ಗ್ರಂಥವನ್ನು ಪ್ರಕಟಿಸಿದನು. ಇದಕ್ಕೂ ಮೊದಲು, 1570ರಲ್ಲಿ, ಆರ್ಟೀಲಿಯಸನು ಇಂಥದೇ ಭೂಪಟ ಸಂಪುಟವನ್ನು ಹೊರತಂದು ಅದನ್ನು ‘ರಂಗಮಂದಿರ’ವೆಂದು ಕರೆದಿದ್ದನು. ಆ ಹೆಸರು ನಿಲ್ಲಲಿಲ್ಲ.

ವಿಜ್ಞಾನದ ಪಾಠದಲ್ಲಿ ಇದೇ ಪದ ಕುತ್ತಿಗೆಯ ಮೊದಲ ಕಶೇರುವಿನ ಹೆಸರಾಗಿದೆ. ಅದು ತಲೆಬುರುಡೆಯನ್ನು ಹೊರುತ್ತದೆ. ಮೊರಾಕ್ಕೊದಿಂದ ಟ್ಯುನೀಶಿಯದವರೆಗೆ ಹಬ್ಬಿದ ಪರ್ವತಶ್ರೇಣಿಗೂ ಇದೇ ಹೆಸರು. ಅಟ್ಲಾಂಟಿಕ್ ಸಾಗರದ ಹೆಸರು ಹುಟ್ಟಿದ್ದೂ ಇದರಿಂದಲೇ. ಅರಬ್ಬೀ ಭಾಷೆಯಲ್ಲಿ ‘ಅತ್ಲಸ್’ ಎಂದರೆ ನುಣುಪಾದ ರೇಷ್ಮೆ ಅರಿವೆ. ಧ್ವನಿ ಒಂದೇ, ಬೇರು ಬೇರೆ.

ಅರಿವೆಯ ಮಾತು ಬಂದದ್ದು ಒಳ್ಳೆಯದಾಯಿತು. ಸಂಸ್ಕೃತದ ‘ಪಟ’ವೆಂದರೂ ಬಟ್ಟೆಯೇ, ‘ಮ್ಯಾಪ್’ ಪದದ ಮೂಲವಾದ ಲ್ಯಾಟಿನ್ನಿನ ‘ಮಪ್ಪಾ’ ಕೂಡ ಬಟ್ಟೆಯೇ. ಕಾಸರಗೋಡಿನ ಮಗು ಮಲಯಾಳದಲ್ಲಿ ಕೇಳುವ ‘ಭೂಪಡಂ’, ತಾಳವಾಡಿಯ ಮಗು ತಮಿಳಿನಲ್ಲಿ ಕೇಳುವ ‘ವರೈಪಡಂ’ ಇವುಗಳ ಕೊನೆಯಲ್ಲಿ ಇರುವುದೂ ಅದೇ ಪಟ. ಸೊಲ್ಲಾಪುರ, ಜತ್ತಗಳ ಮಗುವಿಗೆ ಮರಾಠಿಯ ‘ನಕಾಶಾ’ ಪರಿಚಿತ. ಕನ್ನಡದ ‘ನಕಾಶೆ’, ‘ನಕ್ಷೆ’ಗಳೂ ಅದೇ ಅರಬ್ಬೀ ಮೂಲದವು. ಆದ್ದರಿಂದ ಪಠ್ಯದಲ್ಲಿ ‘ಭೂಪಟ’ವೆಂದಿರುವಲ್ಲಿ ಮಗು ‘ನಕಾಶೆ’ ಎಂದು ಬರೆದರೆ ಕೆಂಪು ಶಾಯಿಯ ಗೆರೆ ಎಳೆಯುವುದು ಅನ್ಯಾಯವೇ ಆದೀತು.

ಪದಗಳ ಇಂಥ ಹರಹನ್ನೇ ತೋರಿಸುವ ಇನ್ನೊಂದು ಬಗೆಯ ಅಟ್ಲಾಸ್ ಉಂಟು. ಝೀಲ್ಯೆರೋನ್ ಎಂಬ ಭಾಷಾವಿದ್ವಾಂಸನ ಮುತುವರ್ಜಿಯಲ್ಲಿ 1902ರಿಂದ 1910ರವರೆಗೆ ಫ್ರಾನ್ಸಿನ ಭಾಷಾ ಅಟ್ಲಾಸ್ ಪ್ರಕಟವಾಯಿತು. ಎಡ್ಮೋನ್ ಎಂಬ ಸಹಾಯಕನು 639 ಊರುಗಳಿಗೆ ಹೋಗಿ, ಸಾಮಾನ್ಯ ಜನರು ಆಡುವ ಮಾತನ್ನು ಕೇಳಿದಂತೆಯೇ ಬರೆದುಕೊಂಡನು. ಜೇನುಹುಳಕ್ಕೆ ಯಾವ ಊರಿನಲ್ಲಿ ಏನೆನ್ನುತ್ತಾರೆ ಎಂಬುದಕ್ಕೇ ಅಲ್ಲಿ ಒಂದು ಭೂಪಟವಿದೆ. ರಾಜ್ಯದ ಗಡಿ ಒಂದು ಗೆರೆ. ಪದದ ಗಡಿ ಹಾಗಲ್ಲ, ಅದು ಊರೂರಿಗೆ ಸರಿಯುತ್ತದೆ.

1953ಕ್ಕೆ ಮೊದಲು ಅಚ್ಚಾದ ಅಟ್ಲಾಸ್ ಶಾಲೆಯ ಕಪಾಟಿನಲ್ಲಿ ಉಳಿದಿದ್ದರೆ, ಅದರಲ್ಲಿ ಆದೋನಿಯೂ ರಾಯದುರ್ಗವೂ ಬಳ್ಳಾರಿ ಜಿಲ್ಲೆಯೊಳಗೇ ಕಾಣುತ್ತವೆ. ಅದನ್ನು ಹೊಸ ಪುಸ್ತಕದ ಪಕ್ಕದಲ್ಲಿ ತೆರೆದಿಡಬಹುದು. ಬಳಿಕ ಮಕ್ಕಳಿಂದ ಊರಿನ ಸುತ್ತಲಿನ ಹಳ್ಳಿಗಳ ನಕ್ಷೆಯೊಂದನ್ನು ಬರೆಯಿಸಿ, ಜೇನುಹುಳಕ್ಕೋ ಮಿಂಚುಹುಳಕ್ಕೋ ಮನೆಯಲ್ಲಿ ಅಜ್ಜಿ ಏನೆನ್ನುತ್ತಾಳೆಂಬುದನ್ನು ಆಯಾ ಹಳ್ಳಿಯ ಹೆಸರಿನ ಕೆಳಗೆ ತುಂಬಿಸಬಹುದು.