ಬೆಟ್ಟದವರು ಕಡಲಿಗೆ ಹೋಗುವಾಗ
(ಉಪನ್ಯಾಸದ ಲಿಖಿತ ರೂಪ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಸುರಿಯುವ ಮಳೆ ಅರಬ್ಬಿ ಸಮುದ್ರವನ್ನು ಸೇರುವುದಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಉತ್ತರ ಪಿನಾಕಿನಿಯನ್ನು ಕೂಡಿಕೊಂಡು ಆಂಧ್ರದ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಶಿರಾ ಕಡೆಯ ನೀರು ವೇದಾವತಿಯ ದಾರಿ ಹಿಡಿದು ಕಡೆಗೆ ಅದೇ ಕೊಲ್ಲಿಯನ್ನು ಮುಟ್ಟುತ್ತದೆ. ಪಶ್ಚಿಮದ ಕಡಲಿನೊಡನೆ ಈ ಸೀಮೆಗೆ ನೀರಿನ ನಂಟಿಲ್ಲ. ಆದರೂ ಚಾರಣದ ಹುರುಪುಳ್ಳ ತರುಣರು ಇತ್ತೀಚೆಗೆ ಗೋಕರ್ಣದ ಕಡಲಂಚಿನ ನಡಿಗೆಯ ಮಾತನ್ನಾಡುತ್ತಿದ್ದಾರೆ. ಆಡಲಿ, ಹೋಗಿಯೂ ಬರಲಿ. ಆದರೆ ಅಲ್ಲಿಯ ಗಡಿಯಾರ ಬೇರೆ ಎಂಬುದನ್ನು ಅರಿತು ಹೋಗಬೇಕು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2024ರ ಡಿಸೆಂಬರ್ 10ರಂದು, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಕೋಲಾರವೂ ಈ ಸೀಮೆಯಂತೆಯೇ ಕೆರೆಗಳ ನಾಡು. ಕೆರೆಯ ನೀರು ಬೆಳಿಗ್ಗೆ ಇದ್ದಲ್ಲಿಯೇ ಸಂಜೆಗೂ ಇರುತ್ತದೆ. ದಡದಲ್ಲಿ ನಿಂತವನನ್ನು ಅದು ಬಂದು ಎಳೆಯುವುದಿಲ್ಲ. ಕೆರೆಯನ್ನು ನೋಡಿ ಬೆಳೆದ ಕಣ್ಣು ಕಡಲನ್ನೂ ದೊಡ್ಡದೊಂದು ಕೆರೆಯೆಂದೇ ತಿಳಿಯುತ್ತದೆ. ಅಪಾಯವಿರುವುದು ಅಲ್ಲಿ.

ಗೋಕರ್ಣದ ನಡಿಗೆ ಕಷ್ಟದ್ದೇನಲ್ಲ. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಮಧುಗಿರಿಯ ಏಕಶಿಲೆಯನ್ನು ಏರಿದ ಕಾಲುಗಳಿಗೆ ಅದು ಸಣ್ಣ ದಿಬ್ಬಗಳ ಸಾಲು. ಊರಿನ ಮುಖ್ಯ ಕಡಲತೀರದ ದಕ್ಷಿಣಕ್ಕೆ ಒಂದು ದಿಬ್ಬವನ್ನು ದಾಟಿದರೆ ಕುಡ್ಲೆ, ಇನ್ನೊಂದನ್ನು ದಾಟಿದರೆ ಓಂ ತೀರ, ಅದರಾಚೆ ಹಾಫ್ ಮೂನ್, ಕಡೆಯದು ಪ್ಯಾರಡೈಸ್. ಕುಡ್ಲೆ ಮತ್ತು ಓಂ ತೀರಗಳವರೆಗೆ ಗುಡ್ಡದ ಮೇಲಣ ಹಾದಿ ಸ್ಪಷ್ಟವಾಗಿದೆ. ಮುಂದೆ ಹಾದಿ ಕಿರಿದಾಗುತ್ತದೆ. ಹಾಫ್ ಮೂನ್‌ನಿಂದಾಚೆಗೆ ಕೆಲವೆಡೆ ನೀರಿನ ಅಂಚಿನ ಬಂಡೆಗಳ ಮೇಲೆಯೇ ಹೆಜ್ಜೆಯಿಡಬೇಕಾಗುತ್ತದೆ. ಇಳಿತದಲ್ಲಿ ಒಣಗಿ ನಿಂತ ಬಂಡೆಯೇ ಉಬ್ಬರದಲ್ಲಿ ಅಲೆಯ ಕೆಳಗಿರುತ್ತದೆ.

ಉಬ್ಬರ-ಇಳಿತದ ಲೆಕ್ಕ ಪಂಚಾಂಗ ಬಲ್ಲವರಿಗೆ ಹೊಸದಾಗಿ ತೋರದು. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದಕ್ಕೂ ಮುಂದಿನದಕ್ಕೂ ನಡುವೆ ಸ್ಥೂಲವಾಗಿ ಆರು ಗಂಟೆ. ಚಂದ್ರನು ದಿನದಿನಕ್ಕೂ ತಡವಾಗಿ ಹುಟ್ಟುವಂತೆ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡಿ ಏರಿಳಿತದ ಅಂತರ ಹಿಗ್ಗುತ್ತದೆ. ಅಷ್ಟಮಿಯ ಹೊತ್ತಿಗೆ ಕುಗ್ಗುತ್ತದೆ. ಕಾರವಾರ, ಗೋಕರ್ಣಗಳ ಕಡೆ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ತುಂಬುವುದು ಮಧ್ಯಾಹ್ನದ ಸಮೀಪ. ಅಲ್ಲಿಂದ ಏಳು ದಿನ, ದಿನಕ್ಕೆ 50 ನಿಮಿಷದಂತೆ ಕೂಡಿಸಿದರೆ ಆರು ಗಂಟೆಗೆ ಹತ್ತಿರವಾಗುತ್ತದೆ. ಎಂದರೆ, ಅಷ್ಟಮಿಯ ಹೊತ್ತಿಗೆ ನಡುಹಗಲಿನಲ್ಲಿ ಇಳಿತವಿರುತ್ತದೆ.

ಇಲ್ಲಿಯೇ ಒಂದು ತೊಡಕಿದೆ. ಈ ಕಡೆಯವರು ಗೋಕರ್ಣಕ್ಕೆ ಹೋಗಬಯಸುವುದು ಹೆಚ್ಚಾಗಿ ಶಿವರಾತ್ರಿಗೆ. ಶಿವರಾತ್ರಿಯೆಂದರೆ ಕೃಷ್ಣಪಕ್ಷದ ಚತುರ್ದಶಿ, ಮರುದಿನವೇ ಅಮಾವಾಸ್ಯೆ. ಮಹಾಬಲೇಶ್ವರನ ದರ್ಶನ ಮುಗಿಸಿ, ಬೆಳಗಿನ ಉಪಾಹಾರ ಮುಗಿಸಿ, ಹತ್ತು ಗಂಟೆಗೆ ತೀರದತ್ತ ಹೊರಟ ತಂಡವು ದೊಡ್ಡ ಉಬ್ಬರವು ಏರುವ ಹೊತ್ತಿಗೇ ಬಂಡೆಗಳನ್ನು ಮುಟ್ಟುತ್ತದೆ. ಹಬ್ಬಕ್ಕೆ ಹೋಗುವವರು ಹಬ್ಬವನ್ನು ಮಾಡಿ ಬರಲಿ. ನಡಿಗೆಗೆ ಬೇರೊಂದು ದಿನವನ್ನು ಹುಡುಕುವುದು ಲೇಸು.

ನೀರು ಸಮವಾಗಿ ಏರುವುದೂ ಇಲ್ಲ. ಆರು ಗಂಟೆಗಳ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು ಏರುತ್ತದೆ. ಆಮೇಲೆ ಎರಡು, ಕಡೆಗೆ ಒಂದು. ಇದು ನಾವಿಕರ ಹಳೆಯ ಅಂದಾಜು. ಇಳಿತ ಮುಗಿದು ಒಂದು ಗಂಟೆಯಾದರೂ ನೀರು ಅಲ್ಲಿಯೇ ಇದೆಯಲ್ಲ ಎಂದು ಕುಳಿತವರು ಮುಂದಿನ ಎರಡು ಮೂರು ಗಂಟೆಗಳಲ್ಲಿ ಮೋಸಹೋಗುತ್ತಾರೆ. ಅಲೆಗಳ ಎತ್ತರ ಈ ಲೆಕ್ಕದಲ್ಲಿ ಸೇರಿಲ್ಲ, ಅದು ಪ್ರತ್ಯೇಕ.

ಆದ್ದರಿಂದ ಹೊರಡುವ ಮೊದಲು ಅಂದಿನ ಇಳಿತದ ವೇಳೆಯನ್ನು ನೋಡಿಕೊಳ್ಳಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯು ಉಬ್ಬರವಿಳಿತದ ಕೋಷ್ಟಕವನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನು ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ನೀಡುತ್ತದೆ. ಇವೆರಡಕ್ಕೂ ಮಿಗಿಲಾಗಿ ಅಲ್ಲಿಯ ಮೀನುಗಾರರನ್ನು ಕೇಳುವುದು ಒಳ್ಳೆಯದು. ಅವರು ಬೇಡವೆಂದ ದಿನ ಬೇಡ.

ಇಳಿತವು ಹನ್ನೊಂದು ಗಂಟೆಗಿದೆಯೆಂದು ಇಟ್ಟುಕೊಂಡರೆ, ಏಳಕ್ಕೆ ಗೋಕರ್ಣವನ್ನು ಬಿಡಬೇಕು. ಎಂಟೂವರೆಯೊಳಗೆ ಓಂ ತೀರ, ಅಲ್ಲಿ ವಿಶ್ರಾಂತಿ, ಹತ್ತಕ್ಕೆ ಹಾಫ್ ಮೂನ್. ಮುಂದಿನ ಬಂಡೆಗಳನ್ನು ಹನ್ನೊಂದರ ಒಳಗೆ ದಾಟಿ, ಹನ್ನೆರಡಕ್ಕೆ ಮುಂಚೆ ಅವನ್ನೇ ಹಿಂದಿರುಗಿ ದಾಟಿರಬೇಕು. ತಂಡದಲ್ಲಿ ಒಬ್ಬರು ತಡಮಾಡಿದರೂ ಓಂ ತೀರದಿಂದಲೇ ಎಲ್ಲರೂ ಮರಳುವುದೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳಿತು. ಪ್ಯಾರಡೈಸ್ ಕಾಣದೆ ಬಂದವರಿಗೆ ಯಾವ ನಷ್ಟವೂ ಇಲ್ಲ. ಗುಡ್ಡದ ನೆತ್ತಿಯಲ್ಲಿ ನೆರಳು ವಿರಳ. ನೀರನ್ನು ಹೊತ್ತೊಯ್ಯಬೇಕು, ಖಾಲಿ ಬಾಟಲಿಯನ್ನು ಹೊತ್ತು ತರಬೇಕು.

ಕಲ್ಲಿನ ವಿಚಾರವಾಗಿಯೂ ಒಂದು ಮಾತು. ಮಧುಗಿರಿಯ ಕಲ್ಲು ಗಟ್ಟಿ ಗ್ರಾನೈಟು; ಅಂಚಿನಲ್ಲಿ ನಿಂತರೂ ಕಲ್ಲು ಕೈಬಿಡದೆಂಬ ಭರವಸೆ ಇಲ್ಲಿಯವರ ಪಾದಗಳಲ್ಲಿದೆ. ಗೋಕರ್ಣದ ಗುಡ್ಡಗಳ ಮೇಲಿರುವುದು ಜಂಬಿಟ್ಟಿಗೆ, ರಂಧ್ರಗಳಿಂದ ತುಂಬಿದ್ದು. ಬುಡವನ್ನು ಅಲೆ ಕೊರೆದಾಗ ಮೇಲಿನ ಅಂಚು ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಮೇಲೆ ನಿಂತವರಿಗೆ ಅದು ಕಾಣದು. ಭಾವಚಿತ್ರಕ್ಕಾಗಿ ಅಂಚಿಗೆ ಹೋಗುವ ಹುಚ್ಚನ್ನು ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಹೊರಡುವುದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ದಾರಿಯೂ ನಂಬಿಕೆಗೆ ಅರ್ಹವಲ್ಲ: 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದುಬಿತ್ತು. ಶಿರಾದಿಂದ ಹುಬ್ಬಳ್ಳಿ, ಯಲ್ಲಾಪುರಗಳ ಮೇಲೆ ಹೋಗುವವರಿಗೆ ಅದೇ ರಸ್ತೆ.

ಸಮಯವಿದ್ದವರು ಮರುದಿನ ತದಡಿಗೆ ಹೋಗಿ ಅಘನಾಶಿನಿಯ ಅಳಿವೆಯನ್ನು ನೋಡಬಹುದು. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ ದೊರೆಯಿತು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಅದರ ಗಜನಿ ಗದ್ದೆಗಳದು. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಆಯುತ್ತಾರೆ. ನೀರು ತಿರುಗಿತೆಂದರೆ ಕೆಲಸ ಅರ್ಧವಾಗಿದ್ದರೂ ಬುಟ್ಟಿಯೆತ್ತಿಕೊಂಡು ದಡಕ್ಕೆ ಬರುತ್ತಾರೆ.